ರಾಗಿಯ ದೂರವನ್ನು ಅಳೆಯುವವರು ಯಾರು?

ಕಳೆದ ರಾಜ್ಯೋತ್ಸವದ ಹೊತ್ತಿಗೆ ಅಟ್ಲಾಂಟಾ ಸೀಮೆಯ ನಮ್ಮ ಸಭೆಯೊಂದರಲ್ಲಿ ರಾಗಿಮುದ್ದೆಯ ಊಟವಿತ್ತು. ಬಡಿಸುವ ಮೊದಲು ಹಿರಿಯರೊಬ್ಬರು ಧ್ವನಿವರ್ಧಕ ಹಿಡಿದು ಮಾತನಾಡಿದರು. ರಾಗಿ ನಮ್ಮ ಮಣ್ಣಿನಲ್ಲೇ ಹುಟ್ಟಿದ ಧಾನ್ಯ, ಪರಕೀಯರ ಸೋಂಕಿಲ್ಲದ ಶುದ್ಧ ದೇಸಿ ಸಂಪತ್ತು, ಈಗ 'ಶ್ರೀ ಅನ್ನ'ವೆಂಬ ಹೆಸರು ಪಡೆದು ಜಗತ್ತಿನ ಕಣ್ಣು ತೆರೆಸಿದೆ ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಸಾರು ಆರುತ್ತಿತ್ತು, ವಾದಕ್ಕಿಳಿಯುವ ಹೊತ್ತಾಗಿರಲಿಲ್ಲ. ಅಂದು ನುಂಗಿಕೊಂಡ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ರಾಗಿ ನಮ್ಮ ಮಣ್ಣಿನಲ್ಲಿ ಹುಟ್ಟಿದ್ದಲ್ಲ. ಅದರ ಕಾಡುಪೂರ್ವಜ ಇಂದಿಗೂ ಬೆಳೆಯುವುದು ಆಫ್ರಿಕಾದಲ್ಲಿ. ಇಥಿಯೋಪಿಯಾದಿಂದ ಉಗಾಂಡದವರೆಗಿನ ಎತ್ತರದ ನೆಲದಲ್ಲಿ ಅಲ್ಲಿನ ಬೇಸಾಯಗಾರರು ಅದನ್ನು ಪಳಗಿಸಿದರು. ಅದು ಭಾರತಕ್ಕೆ ಬಂದದ್ದು ಸುಮಾರು 3,000 ವರ್ಷಗಳ ಹಿಂದೆ ಎಂಬುದು ರೂಢಿಯ ಅಂದಾಜು. ತೇದಿಯ ಬಗ್ಗೆ ಪುರಾತತ್ವಜ್ಞರ ಜಗಳ ಇನ್ನೂ ಮುಗಿದಿಲ್ಲ. ಬಂದ ಊರಿನ ಬಗ್ಗೆ ಮಾತ್ರ ಜಗಳವಿಲ್ಲ. ವಲಸೆ ಬಂದವರ ಸಭೆಯಲ್ಲಿ, ವಲಸೆ ಬಂದ ಧಾನ್ಯವನ್ನು ಮುಂದಿಟ್ಟುಕೊಂಡು, ಪರಕೀಯ ಸೋಂಕಿನ ಬಗ್ಗೆ ಭಾಷಣ ಕೇಳುವುದು ನಮ್ಮ ಕಾಲದ ವಿಶೇಷ. ಸಭೆ ನಡೆದದ್ದಾದರೂ ಆಫ್ರಿಕನ್ ಅಮೆರಿಕನ್ನರ ಬೆವರಿನಿಂದ ಕಟ್ಟಿದ ನಗರದಲ್ಲಿ.

ಇಷ್ಟೇ ಆಗಿದ್ದರೆ ಅಜ್ಞಾನವೆಂದು ನಕ್ಕು ಮುಂದೆ ಹೋಗಬಹುದಿತ್ತು. ಆದರೆ 'ಶುದ್ಧ ದೇಸಿ' ಎಂಬ ಈ ಭ್ರಮೆ ಮತ್ತೊಂದು ದೊಡ್ಡ ವಿಷಯವನ್ನು ಮರೆಮಾಚುತ್ತಿದೆ. ಬೆಳೆಗಳ ತಳಿವೈವಿಧ್ಯವನ್ನು ಇಂದು ಜಗತ್ತಿನಾದ್ಯಂತ ಅಳೆಯಲಾಗುತ್ತಿದೆ, ಗುಂಪು ಮಾಡಲಾಗುತ್ತಿದೆ, ಅಂಕಿಗಳಾಗಿ ಪರಿವರ್ತಿಸಲಾಗುತ್ತಿದೆ. ಮುಂದಿನ ಅರ್ಧ ಶತಮಾನದಲ್ಲಿ ಯಾವ ತಳಿ ಹೊಲದಲ್ಲಿ ಉಳಿಯುತ್ತದೆ, ಯಾವುದು ಶೀತಲ ಕೋಣೆಯ ಪೊಟ್ಟಣವಾಗುತ್ತದೆ ಎಂಬುದು ಈ ಅಳತೆಯಿಂದ ನಿರ್ಧಾರವಾಗುತ್ತಿದೆ. ಆ ಕೆಲಸದ ಬಗ್ಗೆ ಕೇಳಬೇಕಾದ ಪ್ರಶ್ನೆಗಳನ್ನು ಮಣ್ಣಿನ ಮಕ್ಕಳೂ ಕೇಳುತ್ತಿಲ್ಲ, ವಿಜ್ಞಾನದ ಭಕ್ತರೂ ಕೇಳುತ್ತಿಲ್ಲ.

ಮೊದಲು ಒಂದು ಋಣವನ್ನು ಒಪ್ಪಿಕೊಳ್ಳಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಸಿ. ಎಚ್. ಲಕ್ಷ್ಮಣಯ್ಯನವರನ್ನು ಹಳೆ ಮೈಸೂರಿನ ರೈತರು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು. ರಾಗಿಯ ಹೂವು ಕಣ್ಣಿಗೆ ಕಾಣಿಸದಷ್ಟು ಚಿಕ್ಕದು, ಸ್ವಕೀಯ ಪರಾಗಸ್ಪರ್ಶದ್ದು. ಅದರಲ್ಲಿ ಗಂಡುಭಾಗ ತೆಗೆದು ಬೇರೆ ತಳಿಯೊಡನೆ ಸಂಕರಿಸುವುದು ತಪಸ್ಸಿನಂಥ ಕೆಲಸ. ಆ ಕೆಲಸವನ್ನು ಅವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ನಡುವೆ ಮಾಡಿದರು. ಹಾಗೆ ಬಂದವು ಇಂಡಾಫ್ ತಳಿಗಳು. ಹೆಸರಿನಲ್ಲೇ ಎರಡು ಖಂಡಗಳಿವೆ: ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ದಾಯಾದಿಗಳು ಸಾವಿರಾರು ವರ್ಷಗಳ ಬಳಿಕ ಮಂಡ್ಯದ ಪ್ರಯೋಗದ ತಾಕಿನಲ್ಲಿ ಭೇಟಿಯಾದರು. ಬಳಿಕ 1996ರಲ್ಲಿ ಬಿಡುಗಡೆಯಾಗಿ, ಇಂದು ಕರ್ನಾಟಕದಲ್ಲಿ ಅತಿ ಹೆಚ್ಚು ಬಿತ್ತುವ ತಳಿಗಳಲ್ಲೊಂದಾಗಿರುವ ಜಿಪಿಯು-28ರ ವಂಶಾವಳಿ ತೆರೆದು ನೋಡಿ: ಒಂದು ಕಡೆ ಇಂಡಾಫ್-5, ಇನ್ನೊಂದು ಕಡೆ ಇಂಡಾಫ್-9. ಬೆಂಕಿರೋಗವನ್ನು ತಡೆದುಕೊಳ್ಳುವ ಈ ರಾಗಿಯ ತಾಯಿಯ ಕಡೆಯಲ್ಲೂ ತಂದೆಯ ಕಡೆಯಲ್ಲೂ ಆಫ್ರಿಕಾದ ರಕ್ತವಿದೆ. ನಮ್ಮ ಸಭೆಯ ಹಿರಿಯರು ತಟ್ಟೆಗೆ ಬಡಿಸಿಕೊಂಡ ಮುದ್ದೆ ಬಹುಶಃ ಇದೇ ಸಂಕರದ್ದು.

ಲಕ್ಷ್ಮಣಯ್ಯನವರ ಬೀಜಕ್ಕೆ ಪೇಟೆಂಟ್ ಇರಲಿಲ್ಲ. ರೈತರು ಒಮ್ಮೆ ತಂದು, ಕಣದಲ್ಲಿ ತೆನೆ ಆರಿಸಿ, ನೆಂಟರ ಊರಿಗೂ ಸೇರಿನ ಲೆಕ್ಕದಲ್ಲಿ ಹಂಚಿದರು. ಸಾರ್ವಜನಿಕ ವಿಜ್ಞಾನವೆಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನು. ಆದ್ದರಿಂದ ಮುಂದೆ ನಾನು ಬರೆಯುವುದನ್ನು ವಿಜ್ಞಾನದ ವಿರುದ್ಧದ ಮಾತೆಂದು ಯಾರೂ ತಿಳಿಯಬಾರದು.

ಈಗ ಅಳತೆಯ ಮಾತು. ತಳಿ ಅಭಿವೃದ್ಧಿ ಮಾಡುವವರಿಗೆ ಪರಸ್ಪರ ದೂರವಿರುವ ತಂದೆತಾಯಿಗಳು ಬೇಕು. ಹತ್ತಿರದ ಸಂಬಂಧಿಗಳನ್ನು ಕೂಡಿಸಿದರೆ ಹೊಸದೇನೂ ಬಾರದು. ದೂರವನ್ನು ಅಳೆಯುವುದು ಹೇಗೆ? ಇಂದು ಡಿಎನ್‌ಎ ಗುರುತುಗಳಿವೆ; ಸಾವಿರಾರು ತಾಣಗಳಲ್ಲಿ ಅಕ್ಷರಭೇದ ಓದಬಹುದು. ಅದಕ್ಕೂ ಮೊದಲು, ಇಂದಿಗೂ ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳ ನೂರಾರು ಪ್ರಬಂಧಗಳಲ್ಲಿ, ಬಳಕೆಯಾಗಿರುವುದು ಮಹಾಲನೋಬಿಸರ ಡಿ-ಸ್ಕ್ವೇರ್. ಗಿಡದ ಎತ್ತರ, ತೆಂಡೆಗಳ ಸಂಖ್ಯೆ, ಹೂ ಬಿಡುವ ದಿನ, ತೆನೆಯ ಬೆರಳುಗಳ ಉದ್ದ ಇವನ್ನೆಲ್ಲ ಒಟ್ಟಿಗೆ ತೂಗಿ ಎರಡು ತಳಿಗಳ ನಡುವಿನ ದೂರವನ್ನು ಒಂದೇ ಅಂಕಿಯಲ್ಲಿ ಹೇಳುವ ಸೂತ್ರ ಅದು. ಆ ಅಂಕಿಗಳಿಂದ ಗುಂಪು ಕಟ್ಟುವ ಟೋಚರ್ ವಿಧಾನವನ್ನು ವಿದ್ಯಾರ್ಥಿಗಳಿಗೆ ತಲುಪಿಸಿದ್ದು 1952ರಲ್ಲಿ ಬಂದ ಸಿ. ಆರ್. ರಾವ್ ಅವರ ಪುಸ್ತಕ. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ತೀರಿಕೊಂಡದ್ದು 2023ರಲ್ಲಿ, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ. ನಮ್ಮ ಕೂಟಗಳು ಎಷ್ಟೋ ಮಂದಿಯ ಶತಮಾನೋತ್ಸವ ಆಚರಿಸುತ್ತವೆ. ಇವರ ಹೆಸರು ಕೇಳಿದ ನೆನಪಿಲ್ಲ.

ಈ ಸೂತ್ರ ಹುಟ್ಟಿದ್ದು ಬೆಳೆಗಾಗಿ ಅಲ್ಲ ಎಂಬುದನ್ನು ಕೃಷಿ ವಿದ್ಯಾರ್ಥಿಗಳಿಗೆ ಯಾರೂ ಹೇಳುವುದಿಲ್ಲ. ಮಹಾಲನೋಬಿಸ್ 1920ರ ದಶಕದಲ್ಲಿ ಅಳೆಯುತ್ತಿದ್ದದ್ದು ಮನುಷ್ಯರ ತಲೆ, ಮೂಗು, ಎತ್ತರಗಳನ್ನು. ಕಲ್ಕತ್ತೆಯ ಆಂಗ್ಲೋ-ಇಂಡಿಯನ್ನರು ಯಾವ ಯಾವ ಜಾತಿಗೆ ಎಷ್ಟು ಹತ್ತಿರ ಎಂಬುದು ಪ್ರಶ್ನೆ. ಸೂತ್ರ 1936ರಲ್ಲಿ ಅಂತಿಮ ರೂಪ ಪಡೆಯಿತು. 1941ರಲ್ಲಿ ಸಂಯುಕ್ತ ಪ್ರಾಂತದ ಜಾತಿ-ಬುಡಕಟ್ಟುಗಳ ದೇಹಗಳನ್ನು ಅಳೆದ ಸಮೀಕ್ಷೆಗೆ ಅದನ್ನು ಬಳಸಿದರು. ಆ ವರದಿಯ ಲೇಖಕರಲ್ಲಿ ರಾವ್ ಒಬ್ಬರು. ಅವರೇ ಕೇಂಬ್ರಿಜ್‌ನಲ್ಲಿ ಸುಡಾನಿನ ಜೆಬೆಲ್ ಮೋಯಾದಿಂದ ತಂದ ಮೂಳೆಗಳ ಮೇಲೂ ಅದನ್ನು ಪ್ರಯೋಗಿಸಿದರು. ಜಾತಿಯ ದೂರ ಅಳೆಯಲು ಕಡೆದ ಗೋಲು ಕೊನೆಗೆ ರಾಗಿ, ಭತ್ತ, ಬದನೆಗಳ ಹೊಲಕ್ಕೆ ಬಂತು.

ಗಣಿತಕ್ಕೆ ಮೈಲಿಗೆ ಹಚ್ಚುವುದು ನನ್ನ ಉದ್ದೇಶವಲ್ಲ. ಸೂತ್ರ ಸರಿಯಾಗಿದೆ, ಸೊಗಸಾಗಿದೆ. ಆದರೆ ಅದು ಹೇಳುವುದು ನಾವು ಅಳೆಯಲು ಆರಿಸಿದ ಸಂಗತಿಗಳಲ್ಲಿನ ದೂರವನ್ನು ಮಾತ್ರ. ಮೂಗು ಅಳೆದರೆ ಮೂಗಿನ ದೂರ ಸಿಗುತ್ತದೆ. ಅವಮಾನವನ್ನು, ನೀರಿನ ಬಾವಿಯನ್ನು, ಭೂಮಿಯ ಒಡೆತನವನ್ನು ಅಳೆಯದ ಸಮೀಕ್ಷೆಯಲ್ಲಿ ಜಾತಿ ಒಂದು ಅಂಗರಚನೆಯ ವಿಷಯವಾಗಿಬಿಡುತ್ತದೆ. ಬೆಳೆಯಲ್ಲಿಯೂ ಇದೇ ಕಥೆ.

ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ತಮ್ಮಲ್ಲಿದ್ದ 5,940 ರಾಗಿ ಮಾದರಿಗಳಿಂದ 622ನ್ನು ಆರಿಸಿ 'ಕೋರ್' ಸಂಗ್ರಹವೆಂದು 2006ರಲ್ಲಿ ಪ್ರಕಟಿಸಿದರು. ಬಳಿಕ ಅದರಿಂದ 80 ಮಾದರಿಗಳ 'ಮಿನಿ ಕೋರ್' ಮಾಡಿದರು. ಆಲೋಚನೆ ಜಾಣತನದ್ದು. ಆರು ಸಾವಿರ ಮಾದರಿಗಳನ್ನು ಯಾವ ತಳಿತಜ್ಞನೂ ಪ್ರತಿವರ್ಷ ಬಿತ್ತಿ ನೋಡಲಾರ. ಹತ್ತನೆಯ ಒಂದು ಭಾಗದಲ್ಲಿ ಇಡೀ ಸಂಗ್ರಹದ ವೈವಿಧ್ಯದ ಬಹುಪಾಲು ಅಡಗಿಸಿಟ್ಟರೆ ಅವನು ನಿಜಕ್ಕೂ ಅದನ್ನು ಬಳಸುತ್ತಾನೆ. ಕೋರ್ ಆರಿಸಲು ಬಳಸಿದ್ದು ಮಾದರಿಯ ಮೂಲಸ್ಥಳ ಮತ್ತು 14 ಅಳೆಯಬಹುದಾದ ಗುಣಗಳು: ಹೂ ಬಿಡುವ ದಿನ, ಎತ್ತರ, ತೆಂಡೆ, ಎಲೆ, ತೆನೆ, ಬೆರಳು ಇಂಥವು. ಕಬ್ಬಿಣ, ಸುಣ್ಣದಂಥ ಪೋಷಕಾಂಶಗಳನ್ನು ಬಳಿಕ ಅಳೆದರು. ಅದು ಒಳ್ಳೆಯ ಕೆಲಸ.

ನಮ್ಮವ್ವನ ಪಟ್ಟಿ ಬೇರೆ. ಮುದ್ದೆ ಕೈಗೆ ಅಂಟದೆ ನಿಲ್ಲುತ್ತದೆಯೇ, ಬೆಳಿಗ್ಗೆ ಮಾಡಿದ್ದು ಸಂಜೆಗೆ ಬಿರಿಯುತ್ತದೆಯೇ, ಹಗೇವಿನಲ್ಲಿ ಎಷ್ಟು ವರ್ಷ ತಡೆಯುತ್ತದೆ, ಅವರೆ-ತೊಗರಿ-ಹುಚ್ಚೆಳ್ಳಿನ ಅಕ್ಕಡಿ ಸಾಲಿನ ಜೊತೆ ಹೊಂದಿಕೊಳ್ಳುತ್ತದೆಯೇ, ಹುಲ್ಲು ಎಷ್ಟು, ದನ ಅದನ್ನು ಮೂಸಿ ಬಿಡುತ್ತವೆಯೋ ತಿನ್ನುತ್ತವೆಯೋ. ಗಿಡ್ಡ ತಳಿಯೊಂದರ ಬೀಜ ಮನೆಗೆ ಬಂದಾಗ ಅವ್ವ ಹೇಳಿದ್ದು ನನಗೆ ನೆನಪಿದೆ: "ಕಾಳೇನೋ ಸಿಕ್ತದೆ ಕಣಪ್ಪ, ಎತ್ತು ಏನ್ ತಿಂತವೆ?" ಯಾವ ಡಿ-ಸ್ಕ್ವೇರ್ ಪಟ್ಟಿಯಲ್ಲೂ ಈ ಪ್ರಶ್ನೆಗೊಂದು ಕಾಲಂ ಇರಲಿಲ್ಲ. ಗಿಡ್ಡ ರಾಗಿ, ಉಂಡೆ ರಾಗಿ, ಮಜ್ಜಿಗೆ ರಾಗಿ, ಕೋಣನಕೊಂಬಿನ ರಾಗಿ, ರುದ್ರಜಡೆ, ಜಗಳೂರು ರಾಗಿ: ಈ ಹೆಸರುಗಳನ್ನು ಇಟ್ಟವರು ಸಹ ವೈವಿಧ್ಯವನ್ನು ಅಳೆಯುತ್ತಿದ್ದವರೇ. ತೆನೆಯ ಬಾಗು ನೋಡಿ ಕೋಣನ ಕೊಂಬು ಎಂದರು, ಹರಡಿದ ಬೆರಳುಗಳನ್ನು ಕಂಡು ಜಡೆ ಎಂದರು. ಅವರ ಅಳತೆ ಅವೈಜ್ಞಾನಿಕವಾಗಿರಲಿಲ್ಲ. ಬರೆದಿಡುವ ಹಕ್ಕು ಅವರಿಗೆ ಇರಲಿಲ್ಲ, ಅಷ್ಟೆ.

ಆ ಅಳತೆ ಎಲ್ಲಿ ಹೋಯಿತು? ಅಟ್ಲಾಂಟಾದಿಂದ ಕಾರಿನಲ್ಲಿ ಒಂದು ಗಂಟೆಯ ದಾರಿಯಲ್ಲಿ ಗ್ರಿಫಿನ್ ಎಂಬ ಊರಿದೆ. ಅಮೆರಿಕದ ಕೃಷಿ ಇಲಾಖೆ ಅಲ್ಲಿ ಬೆಳೆಗಳ ತಳಿಸಂಪತ್ತು ಕಾಪಾಡುತ್ತದೆ; ನಮ್ಮ ರಾಗಿಯೂ ಅಲ್ಲಿದೆ. ದಾಖಲೆಗಳನ್ನು ಯಾರು ಬೇಕಾದರೂ ಮನೆಯಲ್ಲೇ ಕುಳಿತು ಓದಬಹುದು. ನಾನು ತೆರೆದು ನೋಡಿದ ಹಲವು ದಾಖಲೆಗಳಲ್ಲಿ ಮೂಲದ ಎದುರಿಗೆ 'ಇಂಡಿಯಾ' ಎಂಬ ಒಂದೇ ಪದವಿತ್ತು. ಊರಿಲ್ಲ, ತಳಿಯ ಕನ್ನಡ ಹೆಸರಿಲ್ಲ, ಬೀಜ ಕೊಟ್ಟ ಹೆಂಗಸಿನ ಸುಳಿವಂತೂ ಇಲ್ಲವೇ ಇಲ್ಲ. ವಲಸೆಗಾರನ ಪಾಸ್‌ಪೋರ್ಟಿನಲ್ಲಿ ಕೂಡ ಹುಟ್ಟಿದೂರು, ತಂದೆತಾಯಿಯರ ಹೆಸರು ಇರುತ್ತದೆ. ಬೀಜಸಂಗ್ರಹದ ಭಾಷೆಯಲ್ಲಿ ಈ ಮೂಲವಿವರಕ್ಕೆ 'ಪಾಸ್‌ಪೋರ್ಟ್ ಡೇಟಾ' ಎಂದೇ ಹೆಸರು!

ಈ ಖಾಲಿ ಕಾಲಂ ಬರಿಯ ಅಲಕ್ಷ್ಯದ ಫಲವೆಂದು ನನಗೆ ಅನಿಸುವುದಿಲ್ಲ. ಕೊಟ್ಟವರ ಹೆಸರಿಲ್ಲದಿದ್ದರೆ ಕೊಡಬೇಕಾದ ಪಾಲೂ ಇರುವುದಿಲ್ಲ. 2001ರ ಅಂತರರಾಷ್ಟ್ರೀಯ ಸಸ್ಯ ಒಪ್ಪಂದದ ಪಟ್ಟಿಯಲ್ಲಿ ರಾಗಿ ಸೇರಿದೆ. ಅದರಂತೆ ಬೀಜ ಸುಲಭವಾಗಿ ಸಿಗಬೇಕು, ಲಾಭದಲ್ಲಿ ಒಂದಂಶ ಸಾಮಾನ್ಯ ನಿಧಿಗೆ ಬರಬೇಕು. ಮೊದಲ ಭಾಗ ನಡೆಯಿತು, ಎರಡನೆಯದು ಕುಂಟುತ್ತಿದೆ. ಈಗ ಬೀಜವೂ ಬೇಕಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ನೇತೃತ್ವದಲ್ಲಿ ಎಂಎಲ್-365 ರಾಗಿಯ ಜೀನೋಮ್ 2017ರಲ್ಲಿ ಪ್ರಕಟವಾಯಿತು. ನಮಗೆ ಹೆಮ್ಮೆಯ ಸಂಗತಿ. ಆದರೆ ಅಕ್ಷರಮಾಲೆಯಾಗಿ ಗಣಕ ಸೇರಿದ ವಂಶವಾಹಿಯನ್ನು ಯಾವ ಕಂಪನಿಯೂ ಗಡಿ ದಾಟಿಸದೆಯೇ ಬಳಸಬಹುದು. ಈ ಕೊರತೆ ನೀಗಲೆಂದು 2025ರಲ್ಲಿ ಆರಂಭವಾದ ಕಾಲಿ ನಿಧಿಗೆ ಕಂಪನಿಗಳು ಲಾಭದ ಶೇ. 1 ಅಥವಾ ಆದಾಯದ ಶೇ. 0.1 'ಕೊಟ್ಟರೆ ಒಳ್ಳೆಯದು' ಎಂಬಂತಿದೆ ನಿಯಮ. ಗೇಣಿದಾರನಿಗೆ ಸಂಕ್ರಾಂತಿಯ ಎಳ್ಳು ಬೀರಿ ಋಣ ತೀರಿತೆನ್ನುತ್ತಿದ್ದ ಜಮೀನ್ದಾರರ ನೆನಪಾಗುತ್ತದೆ.

ಪಾಲಿನ ಪ್ರಶ್ನೆ ಕೇವಲ ಸೈದ್ಧಾಂತಿಕ ಎನ್ನುವವರು ನಮ್ಮ ಬದನೆಯ ಕಥೆ ಓದಬೇಕು. ಉಡುಪಿಯ ಗುಳ್ಳ, ಮಾಲಾಪುರ ಲೋಕಲ್, ಕುಡಚಿ ಲೋಕಲ್, ಮಂಜರಿ ಗೋಟಾ ಮೊದಲಾದ ಸ್ಥಳೀಯ ತಳಿಗಳಿಗೆ ಬಿಟಿ ವಂಶವಾಹಿ ಸೇರಿಸುವ ಕೆಲಸ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಮೂಲಕ, ಮಹಿಕೋ ಕಂಪನಿಯ ತಂತ್ರಜ್ಞಾನದಿಂದ, ಅಮೆರಿಕದ ನೆರವಿನ ಯೋಜನೆಯಡಿ ನಡೆಯಿತು. ಸ್ಥಳೀಯ ಜೀವವೈವಿಧ್ಯ ಸಮಿತಿಗಳನ್ನು ಕೇಳಲಿಲ್ಲ, ರಾಷ್ಟ್ರೀಯ ಪ್ರಾಧಿಕಾರದ ಅನುಮತಿ ಪಡೆಯಲಿಲ್ಲ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ದೂರಿತು. ಪ್ರಾಧಿಕಾರವೇ ನ್ಯಾಯಾಲಯದ ಮೆಟ್ಟಿಲೇರಿತು. ಆಪಾದಿತರು ಆರೋಪ ಒಪ್ಪಲಿಲ್ಲ. ಅದೇ ವರ್ಷ ಫೆಬ್ರವರಿ 9ರಂದು ಬಿಟಿ ಬದನೆಗೆ ಕೇಂದ್ರ ಸರ್ಕಾರ ತಡೆ ಹಾಕಿತು. ಬಿಟಿ ಒಳ್ಳೆಯದೋ ಕೆಟ್ಟದೋ ಎಂಬುದರ ಮೇಲೆ ನಮ್ಮವರು ಹತ್ತು ವರ್ಷ ಕಿತ್ತಾಡಿದರು. ಮಟ್ಟುವಿನ ರೈತರನ್ನು ಕೇಳದೆ ಅವರ ಗುಳ್ಳವನ್ನು ಮುಟ್ಟಬಹುದೇ ಎಂಬ ಸರಳ ಪ್ರಶ್ನೆ ಆ ಗದ್ದಲದಲ್ಲಿ ಕಳೆದುಹೋಯಿತು. ಈಗಂತೂ 2023ರ ತಿದ್ದುಪಡಿಯ ಬಳಿಕ ಜೀವವೈವಿಧ್ಯ ಕಾಯಿದೆಯ ಉಲ್ಲಂಘನೆಗೆ ಜೈಲಿಲ್ಲ, ದಂಡ ಮಾತ್ರ. 'ದೇಸಿ'ಯ ಜಪ ಮಾಡುವ ಸರ್ಕಾರವೇ ದೇಸಿಯ ಬೇಲಿ ಕಿತ್ತಿದ್ದು. 'ಶ್ರೀ ಅನ್ನ'ದ ಜಯಘೋಷವೂ ಅದೇ ವರ್ಷದ್ದು.

ಇನ್ನೊಂದು ಕಡೆಯ ಅಪಾಯ ಏಕರೂಪತೆಯದು. 1970ರಲ್ಲಿ ಅಮೆರಿಕದ ಜೋಳದ ಹೊಲಗಳಲ್ಲಿ (ಇಲ್ಲಿನ ಜೋಳ ನಮ್ಮ ಮುಸುಕಿನ ಜೋಳ) ಎಲೆ ಅಂಗಮಾರಿ ಹಬ್ಬಿತು. ಬಹುಪಾಲು ಮಿಶ್ರತಳಿಗಳು ಟೆಕ್ಸಾಸ್ ಮೂಲದ ಒಂದೇ ಕೋಶದ್ರವ್ಯ ಹೊತ್ತಿದ್ದವು. ಬೀಜ ಕಂಪನಿಗಳಿಗೆ ಅದರಿಂದ ಗಂಡುಹೂ ಕೀಳುವ ಕೂಲಿ ಉಳಿಯುತ್ತಿತ್ತು. ಶಿಲೀಂಧ್ರಕ್ಕೆ ಒಂದೇ ಬೀಗದಕೈ ಸಾಕಾಯಿತು. ದೇಶದ ಬೆಳೆಯ ಸುಮಾರು ಶೇ. 15ರಷ್ಟು ನಾಶವಾಯಿತು. ವೈವಿಧ್ಯವನ್ನು ಅಳೆಯಬೇಕೆಂಬ ಅರಿವು ಸರ್ಕಾರಗಳಿಗೆ ಬಂದದ್ದು ಮುಖ್ಯವಾಗಿ ಆ ಪೆಟ್ಟಿನಿಂದ. ಒಂದೆರಡು ತಳಿಗಳು ತುಂಬಿಕೊಂಡ ನಮ್ಮ ರಾಗಿ ಹೊಲಗಳನ್ನು ನೋಡುವಾಗ ನನಗೆ ಆ ವರ್ಷ ನೆನಪಾಗುತ್ತದೆ. ಬೆಂಕಿರೋಗದ ಶಿಲೀಂಧ್ರವೂ ಸುಮ್ಮನೆ ಕುಳಿತಿರುವುದಿಲ್ಲ. ಡಿಎನ್‌ಎ ಅಧ್ಯಯನಗಳು ಹೇಳಿದ್ದೂ ಇದನ್ನೇ: ಆಫ್ರಿಕಾದ ರಾಗಿಯಲ್ಲಿ ವೈವಿಧ್ಯ ಹೆಚ್ಚು, ಏಷ್ಯಾದ್ದರಲ್ಲಿ ಕಡಿಮೆ. ಶುದ್ಧತೆಯ ಹಟ ಹಿಡಿದರೆ ನಮ್ಮ ಬುಟ್ಟಿ ಇನ್ನೂ ಬರಿದಾಗುತ್ತದೆ. ಮುಂದಿನ ರೋಗಕ್ಕೆ ಮದ್ದು ಉಗಾಂಡದ ಯಾವುದೋ ಅಜ್ಜಿಯ ಗುಡಾಣದಲ್ಲಿರಬಹುದು. ಅವಳ ಮುಂದೆ ನಾವು ಯಾವ ಮುಖ ಹೊತ್ತು ನಿಲ್ಲುತ್ತೇವೆ? ಪಡೆದಾಗ ಆಫ್ರಿಕಾದ ಹೆಸರು ಮರೆತು, ಕೊಡುವಾಗ 'ನಮ್ಮ ಸಂಪತ್ತು' ಎನ್ನುವುದು ಯಾವ ನ್ಯಾಯ?

ಕಾನೂನು ಈ ಏಕರೂಪತೆಗೆ ಬೆನ್ನು ತಟ್ಟುತ್ತದೆ. ತಳಿ ನೋಂದಣಿಯಾಗಬೇಕಾದರೆ ಅದು ಭಿನ್ನವಾಗಿರಬೇಕು, ಸ್ಥಿರವಾಗಿರಬೇಕು, ಏಕರೂಪವಾಗಿರಬೇಕು. ರೈತರ ತಳಿಯ ಶಕ್ತಿ ಇರುವುದು ಅದರೊಳಗಿನ ಭೇದದಲ್ಲಿ. ಮಳೆ ಕೈಕೊಟ್ಟ ವರ್ಷ ಒಂದಿಷ್ಟು ಗಿಡ ಸತ್ತರೂ ಇನ್ನಷ್ಟು ಉಳಿಯುತ್ತವೆ. ಭಾರತದ 2001ರ ಕಾಯಿದೆಯಡಿ ರೈತರ ತಳಿಗೆ ಕೊಂಚ ಸಡಿಲಿಕೆ ಇದೆ. ಬೀಜ ಉಳಿಸುವ, ಬಿತ್ತುವ, ಹಂಚುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕೂ ಇದೆ. ಜಗತ್ತಿನಲ್ಲೇ ಅಪರೂಪದ ಕಾಯಿದೆ ಅದು. ಆದರೂ 2019ರಲ್ಲಿ ಪೆಪ್ಸಿಕೋ ಗುಜರಾತಿನ ಆಲೂಗಡ್ಡೆ ಬೆಳೆಗಾರರಿಂದ ತಲಾ ಒಂದು ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೇಳಿ ದಾವೆ ಹೂಡಿತು. ಪ್ರತಿಭಟನೆ ಎದ್ದ ಮೇಲೆ ಹಿಂತೆಗೆದುಕೊಂಡಿತು. ಆ ತಳಿಯ ನೋಂದಣಿ 2021ರಲ್ಲಿ ರದ್ದಾಯಿತು, 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ರದ್ದತಿಯನ್ನು ತಳ್ಳಿಹಾಕಿತು. ಪುಸ್ತಕದ ಹಕ್ಕಿಗೂ ಹೊಲದ ಭಯಕ್ಕೂ ನಡುವಿನ ದೂರ ಯಾವ ಸೂತ್ರಕ್ಕೂ ಸಿಗುವುದಿಲ್ಲ.

ಇಲ್ಲಿ ಕುಳಿತ ನಮಗೇನು ಕೆಲಸ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಜೀನೋಮ್ ಪ್ರಯೋಗಾಲಯಗಳಲ್ಲಿ ದುಡಿಯುವವರು, ಬೀಜ ಕಂಪನಿಗಳ ದತ್ತಾಂಶ ನಿರ್ವಹಿಸುವವರು, ಪೇಟೆಂಟ್ ವಕೀಲರು ಕಡಿಮೆಯಿಲ್ಲ. ತಾವು ತೆರೆಯುವ ಕಡತದಲ್ಲಿ 'ಇಂಡಿಯಾ' ಎಂಬ ಒಂಟಿ ಪದ ಕಂಡಾಗ ಊರು ಯಾವುದು ಎಂದು ಕೇಳುವ ಸ್ಥಾನದಲ್ಲಿ ಇರುವವರು ಇವರೇ. ಹಳೆಯ ಸಂಗ್ರಹದ ಟಿಪ್ಪಣಿಗಳು ಎಷ್ಟೋ ಕಡೆ ಕಾಗದದಲ್ಲಿ ಉಳಿದಿರುತ್ತವೆ. ಕನ್ನಡದ ತಳಿಹೆಸರನ್ನು ಇಂಗ್ಲಿಷಿನ ಅಪಭ್ರಂಶದಲ್ಲೂ ಗುರುತಿಸಬಲ್ಲ ಕಿವಿ ನಮ್ಮದು. ಮೌಲ್ಯಮಾಪನದ ಗುಣಪಟ್ಟಿಯಲ್ಲಿ ಹುಲ್ಲು, ಮುದ್ದೆ, ಸಂಗ್ರಹದ ಬಾಳಿಕೆ ಸೇರಲಿ, ಆರಿಸುವಾಗ ಬೆಳೆಯುವ ಹೆಂಗಸರು ತಾಕಿನಲ್ಲಿ ನಿಲ್ಲಲಿ ಎಂದು ಯೋಜನೆ ಬರೆಯುವಾಗಲೇ ಕೇಳಬಹುದು. ಅದು ಕ್ರಾಂತಿಯಲ್ಲ, ರೈತರೊಡಗೂಡಿ ತಳಿ ಆರಿಸುವ ವಿಧಾನ ವಿಜ್ಞಾನದೊಳಗೇ ದಶಕಗಳಿಂದ ಇದೆ, ಅನುದಾನ ಮಾತ್ರ ಅದರ ಕಡೆ ತಿರುಗುವುದಿಲ್ಲ. ದೇವಸ್ಥಾನದ ಗೋಪುರಕ್ಕೆ ಒಂದೇ ಸಂಜೆಯಲ್ಲಿ ಹಣ ಕೂಡಿಸುವ ನಮ್ಮ ಕೂಟಗಳು ತುಮಕೂರು, ರಾಮನಗರ ಸೀಮೆಯ ಸಮುದಾಯ ಬೀಜಬ್ಯಾಂಕೊಂದಕ್ಕೆ ಒಂದು ಡಾಲರ್ ಕಳಿಸಿದ್ದನ್ನು ನಾನಂತೂ ಕಂಡಿಲ್ಲ. ಕನಕದಾಸರ 'ರಾಮಧಾನ್ಯ ಚರಿತೆ'ಯ ಹೆಸರು ಹೇಳದ ರಾಜ್ಯೋತ್ಸವ ಭಾಷಣವೂ ಇಲ್ಲ. ಆ ಕಾವ್ಯದಲ್ಲಿ ರಾಗಿ ಸೆರೆಯಲ್ಲಿ ಆರು ತಿಂಗಳು ಕಳೆದು ಹೊರಬರುತ್ತದೆ. ಜೀನ್ ಬ್ಯಾಂಕಿನ ಸೆರೆಗೆ ಅವಧಿ ನಿಗದಿಯಾಗಿಲ್ಲ.

ಈ ಸಲದ ಸಭೆಗೆ ನಾನು ಗ್ರಿಫಿನ್‌ನ ರಾಗಿ ದಾಖಲೆಗಳ ಪಟ್ಟಿ ಮುದ್ರಿಸಿ ತರುತ್ತೇನೆ. ಮೂಲದ ಕಾಲಂ ಖಾಲಿಯಿರುವ ಸಾಲುಗಳಿಗೆ ಗುರುತು ಹಾಕಿದ್ದೇನೆ. ಹಿರಿಯರು ಮತ್ತೆ ಧ್ವನಿವರ್ಧಕ ಹಿಡಿದರೆ, ಭಾಷಣಕ್ಕೆ ಮೊದಲು ಒಂದೆರಡು ಸಾಲನ್ನು ಅವರೇ ಓದಲಿ ಎಂದು ಕೇಳಿಕೊಳ್ಳುವವನಿದ್ದೇನೆ.